ಗಂಟಲು ಮತ್ತು ಕಣ್ಣು

ಅಕ್ಕನ ಮಾತು ನಿಂತು ಒಂದು ವಾರ ಕಳೆದ ಮೇಲೆ ತಮ್ಮನಿಗೆ ಒಂದು ಸಂಗತಿ ಹೊಳೆಯಿತು. ತನ್ನ ಅರವತ್ತೆಂಟು ವರ್ಷದ ಆಯುಸ್ಸಿನಲ್ಲಿ ಏಳು ದಿನ ಸತತವಾಗಿ ಯಾರೂ ತನ್ನ ಮಾತನ್ನು ತಿದ್ದದೆ ಇದ್ದದ್ದು ಇದೇ ಮೊದಲು. ಖುಷಿಯಾಗಬೇಕಿತ್ತು. ಎರಡು ದಿನ ಆಗಿಯೂ ಆಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಬಾಯಿಗೆ ಬಂದ ಹಾಗೆ ಮಾತಾಡಿದ, ಅರ್ಧ ವಾಕ್ಯ ಹೇಳಿ ಮಿಕ್ಕರ್ಧ ನುಂಗಿದ, ಕ್ರಿಯಾಪದಗಳನ್ನು ದಿಕ್ಕಾಪಾಲು ಮಾಡಿದ. ಮೂರನೆಯ ದಿನದಿಂದ ಅದರಲ್ಲಿ ಯಾವ ರುಚಿಯೂ ಉಳಿಯಲಿಲ್ಲ.

ಅಕ್ಕನಿಗೆ ಎಪ್ಪತ್ತನಾಲ್ಕು. ಒಂದು ಬೆಳಗ್ಗೆ ಒಲೆಯ ಮುಂದೆ ನಿಂತಿದ್ದಳು. ಮೇಜಿನ ಹತ್ತಿರದಿಂದ ತಮ್ಮ "ಹಾಲು ಉಕ್ತಾ ಇದೆ ನೋಡಕ್ಕಾ" ಅಂದ. ಕಣ್ಣಿಗೆ ಕಾಣೋದನ್ನ ಯಾಕೆ ಹೇಳ್ತೀಯ ಎಂದು ಅವಳು ದಬಾಯಿಸಬೇಕಾಗಿತ್ತು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಬಲಗೈಯಿಂದ ಸೌಟು ಜಾರಿತು, ಹಾಲು ಒಲೆಯ ತುಂಬ ಹರಿಯಿತು. ಮಿದುಳಿನ ಎಡಗಡೆಗೆ ರಕ್ತ ಹೋಗುವುದು ನಿಂತಿತ್ತು ಎಂದರು ವೈದ್ಯರು. ಮೂರು ವಾರ ಇಟ್ಟುಕೊಂಡು ಮನೆಗೆ ಕಳಿಸಿದರು. ಈಗ ನಡೆಯಲು ಊರುಗೋಲು ಬೇಕು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಇಲ್ಲ.

ಬೇರೆ ಯಾವ ಮನೆಯಲ್ಲಾದರೂ ಇದು ದೊಡ್ಡ ಕಷ್ಟವೇ. ಈ ಮನೆಯಲ್ಲಿ ಅಂಗಡಿಯೇ ಮುಚ್ಚಿದ ಹಾಗಾಯಿತು. ಏಕೆಂದರೆ ಇಬ್ಬರೂ ಬದುಕಿದ್ದೇ ಮಾತನ್ನು ತಿದ್ದಿ. ಒಂದೇ ಮುದ್ರಣಾಲಯದ ಪ್ರೂಫ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಎದುರುಬದುರು ಕೂತವರು. ಬರಹಗಾರರ ಮೂಲಪ್ರತಿಯನ್ನು ತಮ್ಮ ಗಟ್ಟಿಯಾಗಿ ಓದುವುದು. ಅಕ್ಕ ಅದನ್ನು ಕೇಳುತ್ತಾ ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಓಡಿಸುವುದು. ಅಲ್ಲಿಯ ಜನ ಅವನನ್ನು ಗಂಟಲು ಅಂತಲೂ ಅವಳನ್ನು ಕಣ್ಣು ಅಂತಲೂ ಕರೆಯುತ್ತಿದ್ದರು. ಓದಿದ್ದಕ್ಕೂ ಅಚ್ಚಾದದ್ದಕ್ಕೂ ತಾಳೆಯಾಗದಿದ್ದರೆ ಅಕ್ಕ ಪೆನ್ಸಿಲಿನ ಹಿಂಬದಿಯಿಂದ ಮೇಜನ್ನು ಎರಡು ಸಲ ತಟ್ಟುತ್ತಿದ್ದಳು: ನಿಲ್ಲಿಸು. ತಿದ್ದಿ ಆದ ಮೇಲೆ ಒಂದು ಸಲ: ಸರಿಹೋಯಿತು, ಮುಂದಕ್ಕೆ ಹೋಗು. ಮುದ್ರಣಾಲಯ ಮುಚ್ಚಿದಾಗ ಆ ಮೇಜನ್ನು ಮನೆಗೆ ತಂದುಕೊಂಡರು. ಅವಳು ತಟ್ಟಿ ತಟ್ಟಿ ಅದರಲ್ಲೊಂದು ಕುಳಿ ಬಿದ್ದಿದೆ, ಉಪ್ಪಿನ ಬಟ್ಟಲು ಅಲ್ಲಾಡದೆ ಕೂರುತ್ತದೆ.

ಗಟ್ಟಿಯಾಗಿ ಓದುವಾಗ ಚಿಹ್ನೆಗಳನ್ನೂ ಓದಬೇಕು. ಪೂರ್ಣವಿರಾಮ, ಅಲ್ಪವಿರಾಮ ಎಂದು ದಿನಕ್ಕೆ ನಾಲ್ಕು ಸಾವಿರ ಸಲ ಹೇಳಿದರೆ ಗಂಟಲಿನ ಗತಿ ಏನಾಗಬೇಡ? ಅದಕ್ಕೇ ಆ ಕೋಣೆಗೆ ಅದರದೇ ಭಾಷೆಯಿತ್ತು. ಪೂರ್ಣವಿರಾಮ ಚುಕ್ಕಿ, ಅಲ್ಪವಿರಾಮ ಬಾಲ, ಪ್ರಶ್ನೆಯ ಚಿಹ್ನೆ ಕೊಕ್ಕೆ. ಆವರಣ ಬಂದರೆ ಬಾಗಿಲು ತೆಗೆ, ಬಾಗಿಲು ಹಾಕು. ಮನೆಗೆ ಬಂದರೂ ಅದು ಬಿಡಲಿಲ್ಲ. "ಊಟ ಆಯ್ತಾ ಕೊಕ್ಕೆ" ಎಂದು ಅಕ್ಕ ಕೇಳಿದರೆ "ಆಯ್ತು ಚುಕ್ಕಿ" ಎನ್ನುವನು ತಮ್ಮ. ಇಬ್ಬರೂ ಮದುವೆಯಾಗದೆ ಉಳಿದದ್ದಕ್ಕೆ ನೆಂಟರು ನಾನಾ ಕಾರಣ ಹುಡುಕಿದರು. ಒಂದು ದಿನ ಬಂದು ಇವರ ಜೊತೆ ಊಟಕ್ಕೆ ಕೂತಿದ್ದರೆ ಅಷ್ಟು ಹುಡುಕಬೇಕಾಗಿರಲಿಲ್ಲ.

ರಾತ್ರಿಯೂಟಕ್ಕೆ ಒಂದು ಆಟವಿತ್ತು. ತಟ್ಟೆ ಹಾಕಿದ ಕ್ಷಣದಿಂದ ಕೈ ತೊಳೆಯುವವರೆಗೆ ಒತ್ತಕ್ಷರವಿಲ್ಲದ ಮಾತನ್ನೇ ಆಡಬೇಕು. ಸೋತವರು ಪಾತ್ರೆ ತೊಳೆಯಬೇಕು. "ಲೋ, ನೀರು ಕೊಡೋ" ಎಂದು ಅವಳು ನಿರಾಳವಾಗಿ ಕೇಳುವಳು. ಇವನು "ಅಕ್ಕಾ" ಎಂದು ಬಾಯಿ ತೆರೆದರೆ ಆಟ ಅಲ್ಲಿಗೇ ಮುಗಿಯಿತು. ನಲವತ್ತು ವರ್ಷದಲ್ಲಿ ಅವಳನ್ನು ಕರೆಯಲು ಬೇರೆ ಮಾತು ಅವನಿಗೆ ಹೊಳೆಯಲಿಲ್ಲ, ಪಾತ್ರೆಯೂ ತಪ್ಪಲಿಲ್ಲ. ಈಗ ಆಟವಿಲ್ಲದೆ ಪಾತ್ರೆ ತೊಳೆಯುತ್ತಿದ್ದಾನೆ. ಸೋಲದೆ ತೊಳೆಯುವ ಪಾತ್ರೆಗೆ ಜಿಡ್ಡು ಹೆಚ್ಚು ಎಂದು ಅವನ ಅಭಿಪ್ರಾಯ.

ಆಸ್ಪತ್ರೆಯವರು ಮಾತು ಕಲಿಸುವ ಮೇಡಂ ಒಬ್ಬರನ್ನು ಗೊತ್ತುಮಾಡಿದ್ದರು. ಪ್ರತಿ ಬುಧವಾರ ಹನ್ನೊಂದಕ್ಕೆ ಮನೆಗೇ ಬರುವರು, ಒಟ್ಟು ಹನ್ನೆರಡು ಸಲ. ಮೊದಲ ದಿನವೇ ಅವರು ಒಂದು ಹಸಿರು ಫೈಲು ತೆಗೆದು ಕಟ್ಟುನಿಟ್ಟಾಗಿ ವಿವರಿಸಿದರು.

"ಹನ್ನೆರಡನೇ ಬುಧವಾರ ನಾನು ಇದರಲ್ಲಿ ಎರಡರಲ್ಲಿ ಒಂದು ಬರೀಬೇಕು ಸರ್. ಒಂದೋ 'ಮುಂದುವರಿಸಬಹುದು', ಇಲ್ಲಾಂದ್ರೆ 'ಮುಕ್ತಾಯ'. ಅಷ್ಟರೊಳಗೆ ಅಮ್ಮ ತಾವಾಗೇ ಒಂದು ಮಾತಾದ್ರೂ ಆಡಿರಬೇಕು. ಏನೋ ಹೇಳಬೇಕು ಅಂತ ಹೇಳಿದ ಮಾತು. ಆ ಊ ಅಂದ್ರೆ ಲೆಕ್ಕಕ್ಕಿಲ್ಲ."

"ಒಂದೇ ಒಂದು ಮಾತು ಸಾಕಾ?"

"ಸಾಕು. ಒಂದು ಬಂದ್ರೆ ಇನ್ನೊಂದು ಬರುತ್ತೆ. ಬರದೇ ಹೋದ್ರೆ ನಮ್ಮವರು ನನ್ನನ್ನ ಬೇರೆ ಮನೆಗೆ ಕಳಿಸ್ತಾರೆ."

ಅಕ್ಕ ಅದನ್ನೆಲ್ಲ ಕೇಳಿಸಿಕೊಂಡಳು. ಮೇಡಂ ಕಡೆಗಲ್ಲ, ಫೈಲಿನ ಹೊರಗೆ ಬರೆದಿದ್ದ ತನ್ನ ವಿಳಾಸದ ಕಡೆಗೆ ನೋಡುತ್ತಿದ್ದಳು. ಅದರಲ್ಲಿ ಎರಡು ತಪ್ಪಿದ್ದವು.

ಮೇಡಂ ಕ್ರಮ ಸರಳವಾಗಿತ್ತು. ಚೀಟಿಯ ಮೇಲೊಂದು ಚಿತ್ರ, ಕೆಳಗೆ ಅದರ ಹೆಸರು. ಮನೆಯವರು ಆ ಹೆಸರನ್ನು ಬಾಯಿ ಕಾಣುವ ಹಾಗೆ ಮೂರು ಸಲ ಹೇಳಬೇಕು, ಅಕ್ಕ ಬಾಯಿಯನ್ನೇ ನೋಡಬೇಕು, ಆಮೇಲೆ ತಾನೂ ಹೇಳಲು ನೋಡಬೇಕು. ಹಸು, ಬೀಗ, ಛತ್ರಿ, ಚಪ್ಪಲಿ. ತಮ್ಮನಿಗೆ ಹೇಳುವುದಕ್ಕೇನು ಕಷ್ಟ, ಮೂವತ್ತೊಂದು ವರ್ಷ ಅದನ್ನೇ ಮಾಡಿದವನು, ಪ್ರತಿಯೊಂದು ಅಕ್ಷರವನ್ನೂ ತೊಳೆದಿಟ್ಟ ಲೋಟದ ಹಾಗೆ ಹೇಳಿದ. ಅಕ್ಕನ ತುಟಿ ಅದುರುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ. ಹಾಗೆ ಐದು ಬುಧವಾರ ಹೋದವು. ಮೇಡಂ ಪ್ರತಿ ಸಲವೂ "ಪರವಾಗಿಲ್ಲ" ಎನ್ನುವರು. ಅದು ಪರವಾಗಿಲ್ಲದ ವಿಷಯವಲ್ಲ ಎಂದು ಮೂವರಿಗೂ ಗೊತ್ತಿತ್ತು.

ಆರನೆಯ ವಾರ ಒಂದು ಬೆಳಗ್ಗೆ ತಮ್ಮ ಎಂದಿನಂತೆ ಪತ್ರಿಕೆಯನ್ನು ಬಾಲ ಚುಕ್ಕಿ ಸಮೇತ ಓದಿ ಹೇಳುತ್ತಿದ್ದ. ಕನ್ನಡಕ ಜಾರಿತು, ಮಧ್ಯದ ಒಂದು ಸಾಲು ತಪ್ಪಿತು. "ನಗರಸಭೆಯ ಹಿರಿಯ ಸದಸ್ಯರು ಎರಡು ಲಕ್ಷ ಲೀಟರ್ ನೀರು ಹಿಡಿಯುತ್ತದೆ ಚುಕ್ಕಿ" ಎಂದು ಗಂಭೀರವಾಗಿ ಓದಿ ಮುಂದಕ್ಕೆ ಹೊರಟ.

ಟಕ್ ಟಕ್.

ತಲೆಯೆತ್ತಿ ನೋಡಿದ. ಅಕ್ಕನ ಎಡಗೈಯಲ್ಲಿ ಚಮಚವಿತ್ತು. ಮುಖದಲ್ಲಿ ಹಳೆಯ ಸಿಡುಕು ಹಾಗೇ ಇತ್ತು. ತಮ್ಮನಿಗೆ ಎದೆ ತುಂಬಿ ಬಂತು. ಆರು ವಾರದಲ್ಲಿ ಯಾರೂ ಅವನಿಗೆ ಅಷ್ಟು ಒಳ್ಳೆಯದನ್ನು ಮಾಡಿರಲಿಲ್ಲ.

ಅವನ ತಲೆ ಓಡಿತು. ತಪ್ಪು ಕೇಳಿದರೆ ಇವಳು ಸುಮ್ಮನಿರಲಾರಳು. ಒಂದು ತಪ್ಪಿಗೆ ಚಮಚ ಎತ್ತಿದವಳು ನೂರು ತಪ್ಪಿಗೆ ಬಾಯಿ ತೆಗೆಯದೆ ಇರುತ್ತಾಳೆಯೇ? ಅವತ್ತೇ ಕೂತು ಮರುದಿನ ಮಾಡಬೇಕಾದ ತಪ್ಪುಗಳ ಪಟ್ಟಿ ಬರೆದ. ವಿಶೇಷವನ್ನು ವಿಸೇಸ ಎನ್ನುವುದು, ಹಾಲನ್ನು ಆಲು ಮಾಡುವುದು, ಬೇಕಾದ ಕಡೆ ದೀರ್ಘವನ್ನು ಕೊಲ್ಲುವುದು, ಬೇಡದ ಕಡೆ ಬದುಕಿಸುವುದು. ಬರೆದಾದ ಮೇಲೆ ಅಭ್ಯಾಸಬಲದಿಂದ ಪಟ್ಟಿಯನ್ನು ಇನ್ನೊಮ್ಮೆ ಓದಿ, ತಪ್ಪುಗಳಲ್ಲಿ ತಪ್ಪಾಗಿದ್ದ ಎರಡನ್ನು ತಿದ್ದಿದ.

ಮರುದಿನ ಅಷ್ಟೂ ತಪ್ಪನ್ನು ಓದಿದ. ಅಕ್ಕ ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ಅದರ ಮರುದಿನ ಇನ್ನೂ ಕೆಟ್ಟದಾಗಿ ಓದಿದ. ಅವಳು ಕಣ್ಣು ಮುಚ್ಚಿಕೊಂಡಳು. ಆಗ ಅವನಿಗೆ ಅರ್ಥವಾಯಿತು. ಬೇಕೆಂದೇ ಮಾಡುವ ತಪ್ಪಿನ ಮುಂಚೆ ಅವನು ಒಂದು ಕ್ಷಣ ನಿಧಾನವಾಗುತ್ತಿದ್ದ, ಕೊಚ್ಚೆ ದಾಟುವವನು ಪಂಚೆ ಎತ್ತಿಕೊಳ್ಳುವ ಹಾಗೆ. ನಾಲ್ಕು ವರ್ಷದವನಿದ್ದಾಗಿನಿಂದ ಅವನ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳು ಅವಳು. ನಿಜವಾದ ತಪ್ಪಿಗೆ ಮಾತ್ರ ಅವಳ ಹತ್ತಿರ ಬೆಲೆ.

ಸರಿ, ನಿಜವಾದ ತಪ್ಪೇ ಬರಲಿ ಎಂದು ನಾಲಿಗೆ ತೊಡರುವ ಸಾಲುಗಳನ್ನು ಕಟ್ಟಿಕೊಂಡು ಬಂದ. "ಕೋಳಿ ಕೊಳಲು ಕೇಳಿ ಕೆರಳಿ ಕೆರೆಗೆ ಉರುಳಿತು" ಎಂಬುದನ್ನು ಉಸಿರು ಬಿಡದೆ ಇಪ್ಪತ್ತು ಸಲ ಹೇಳಿದ. ಒಂದು ಸಲವೂ ತಪ್ಪಲಿಲ್ಲ. ಹಾಳು ಅಭ್ಯಾಸ! ಮಾತ್ರೆಯ ಡಬ್ಬಿಯೊಳಗಿನ ಸಣ್ಣಕ್ಷರದ ಕಾಗದವನ್ನು ಬಿಡಿಸಿ ಓದಿದ. ಹದಿನಾಲ್ಕು ಅಕ್ಷರದ ಔಷಧದ ಹೆಸರುಗಳೂ ಸಲೀಸಾಗಿ ಬಂದವು. ಹತ್ತನೆಯ ಬುಧವಾರ ಬಂದ ಮೇಡಂ ಬಾಗಿಲಲ್ಲೇ ನಿಂತು ಅರ್ಧ ಗಂಟೆಯಿಂದ ಕೆರೆಗೆ ಉರುಳುತ್ತಿದ್ದ ಕೋಳಿಯ ಕಥೆ ಕೇಳಿ, ಅವನನ್ನು ಪಕ್ಕಕ್ಕೆ ಕರೆದರು.

"ಏನ್ ಸರ್ ಇದು? ಅಮ್ಮನ ಮುಂದೆ ತಪ್ಪು ತಪ್ಪಾಗಿ ಓದ್ತೀರಂತೆ, ಪಕ್ಕದ ಮನೆಯವರು ಹೇಳಿದ್ರು."

"ಈಗ ಸರಿಯಾಗೇ ಓದ್ತಾ ಇದೀನಲ್ಲ ಮೇಡಂ, ಅದೇ ತೊಂದರೆ."

ಮೇಡಂ ಅವನನ್ನು ಸ್ವಲ್ಪ ಹೊತ್ತು ನೋಡಿದರು. ಇವರಿಗೂ ಒಂದು ಫೈಲು ತೆಗೆಯಬೇಕೇನೋ ಎಂಬ ಭಾವ ಅವರ ಮುಖದಲ್ಲಿತ್ತು.

ಹನ್ನೊಂದನೆಯದೂ ಬರಿಗೈಯಲ್ಲಿ ಮುಗಿಯಿತು. ಇನ್ನು ಒಂದೇ ಉಳಿದದ್ದು. ಅದರ ಹಿಂದಿನ ಸೋಮವಾರ ತಮ್ಮನ ಹಲ್ಲಿನ ಸೆಟ್ಟು ಒಡೆಯಿತು.

ಅವನಿಗೆ ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು. ಕೆಳಗೆ ಸ್ವಂತದ್ದು ಮೂರು, ಅವೂ ಒಂದಕ್ಕೊಂದು ಮಾತು ಬಿಟ್ಟ ಹಾಗೆ ದೂರ ದೂರ. ಆರು ವರ್ಷದಿಂದ ಆ ಸೆಟ್ಟನ್ನು ಅವನು ಅಕ್ಕನ ಎದುರು ಒಮ್ಮೆಯೂ ತೆಗೆದಿರಲಿಲ್ಲ. ಮಲಗುವಾಗ ತನ್ನ ಕೋಣೆಯ ಬಾಗಿಲು ಹಾಕಿ, ಮುಚ್ಚಳದ ಲೋಟದಲ್ಲಿಟ್ಟು, ಎದ್ದ ತಕ್ಷಣ ಹಾಕಿಕೊಂಡೇ ಹೊರಗೆ ಬರುತ್ತಿದ್ದ. ಗಂಟಲು ಎಂದು ಕರೆಸಿಕೊಂಡವನಿಗೆ ಅಷ್ಟು ಮಾನ ಇರಬೇಕಾದ್ದೇ. ಅವತ್ತು ತೊಳೆಯುವಾಗ ಸಾಬೂನಿನ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಎರಡು ಹೋಳಾಯಿತು. ಹಲ್ಲು ಕಟ್ಟುವ ಅಂಗಡಿಯವನು ಎರಡೂ ಹೋಳನ್ನು ಬೆಳಕಿಗೆ ಹಿಡಿದು "ಮುಂದಿನ ಸೋಮವಾರ" ಅಂದ. ಬೆರಳೆಣಿಸಿದ ತಮ್ಮ ಬುಧವಾರಕ್ಕೇ ಬೇಕೆಂದು ಕೈಸನ್ನೆಯಲ್ಲಿ ಗೋಗರೆದ. "ಹಲ್ಲು ಸ್ವಾಮಿ, ಚಪ್ಪಲಿ ಅಲ್ಲ" ಎಂದನವನು.

ತಮ್ಮ ಎರಡು ದಿನ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಓಡಾಡಿದ. ಪತ್ರಿಕೆ ಓದಲಿಲ್ಲ. ಅಕ್ಕ ಎಡಗೈಯಿಂದ ಪತ್ರಿಕೆಯನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು. ಅವನು ತಲೆಯಾಡಿಸಿ ಹಿಂದಕ್ಕೆ ತಳ್ಳಿದ. ಮತ್ತೆ ತಳ್ಳಿದಳು. ಅಂತೂ ಆ ಮನೆಯಲ್ಲಿ ಮಾತಿಲ್ಲದವರು ಇಬ್ಬರಾದರು. ಗಡಿಯಾರಕ್ಕೆ ಅಷ್ಟು ಸದ್ದಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಅವನಿಗೆ ಭಯವಾಯಿತು. ಬುಧವಾರ ಆ ಹಸಿರು ಫೈಲಿನಲ್ಲಿ 'ಮುಕ್ತಾಯ' ಎಂದು ಬಿದ್ದರೆ ಇನ್ನು ಸಾಯುವವರೆಗೆ ಮನೆ ಹೀಗೇ ಇರುತ್ತದೆ, ತಾನು ತಪ್ಪೋ ಸರಿಯೋ ಎಂದು ಹೇಳುವವರಿಲ್ಲದೆ ಬದುಕಬೇಕಾಗುತ್ತದೆ. ಬಾಯಿಗೆ ಒತ್ತಿದ್ದ ಕರವಸ್ತ್ರದಿಂದಲೇ ಕಣ್ಣನ್ನೂ ಒರೆಸಿಕೊಂಡ.

ಬುಧವಾರ ಹನ್ನೊಂದಕ್ಕೆ ಮೇಡಂ ಬಂದರು. ಫೈಲನ್ನು ತೆರೆದು ಮೇಜಿನ ಮೇಲಿಟ್ಟರು, ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟರು. ಅವರಿಗೂ ಬೇಸರವಾಗಿತ್ತು, ಚೀಲದಿಂದ ಚೀಟಿಗಳನ್ನು ತೆಗೆಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ಇವತ್ತು ಅಡುಗೆಮನೆ ಸಾಮಾನು. ಹೇಳಿ ಸರ್. ಕರವಸ್ತ್ರ ತೆಗೀರಿ, ಬಾಯಿ ಕಾಣಬೇಕು."

ತಮ್ಮ ಬೇಡವೆಂದು ಕೈಯಾಡಿಸಿದ.

"ಕೊನೇ ದಿನ ಸರ್," ಅಂದರು ಮೇಡಂ.

ಅವನು ಕರವಸ್ತ್ರ ತೆಗೆದ. ಮೇಲಿನ ತುಟಿ ಒಳಕ್ಕೆ ಕುಸಿದು, ಮುಖ ಅರ್ಧ ಚಿಕ್ಕದಾಗಿತ್ತು. ಅಕ್ಕ ಚೀಟಿಯನ್ನು ಬಿಟ್ಟು ಅವನನ್ನೇ ನೋಡಿದಳು. ಎವೆ ಮುಚ್ಚದೆ ನೋಡಿದಳು.

ಮೊದಲನೆಯ ಚೀಟಿ ಉಪ್ಪು. ಅದಕ್ಕೆ ಹಲ್ಲು ಬೇಕಿಲ್ಲ, ಮೂರು ಸಲವೂ ನೆಟ್ಟಗೆ ಬಂತು. ಎರಡನೆಯದು ಈರುಳ್ಳಿ, ಅದೂ ದಾಟಿತು. ಮೂರನೆಯ ಚೀಟಿಯಲ್ಲಿ ಕಪ್ಪು ಚುಕ್ಕಿಗಳ ಒಂದು ರಾಶಿಯಿತ್ತು. ಪ್ರೂಫ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಉಳಿಸಿಟ್ಟ ಪೂರ್ಣವಿರಾಮಗಳನ್ನೆಲ್ಲ ಒಟ್ಟಿಗೆ ಸುರಿದ ಹಾಗೆ. ಕೆಳಗೆ ಹೆಸರು ಬರೆದಿತ್ತು: ಸಾಸಿವೆ.

ತಮ್ಮನ ಕೈ ನಿಂತಿತು.

ಐದು ವರ್ಷದವನಿದ್ದಾಗ ಅವನಿಗೆ ಸ ಎನ್ನಲು ಬರುತ್ತಿರಲಿಲ್ಲ. ಅಮ್ಮ ಸಾಸಿವೆ ತರಲು ಕಳಿಸಿದ್ದಳು. "ತಾತಿವೆ ಕೊಡಿ" ಅಂದ. ಅಂಗಡಿಯವನು ಇನ್ನೊಮ್ಮೆ ಹೇಳಿಸಿದ, ಬಂದ ಗಿರಾಕಿಗಳನ್ನು ಕರೆದು ಮತ್ತೊಮ್ಮೆ ಹೇಳಿಸಿದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗ ಖಾಲಿ ಚೀಲ ಹಿಡಿದು ಮನೆಗೆ ಬಂದ. ಹನ್ನೊಂದು ವರ್ಷದ ಅಕ್ಕ ಏನನ್ನೂ ಕೇಳಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿ, ಗದ್ದ ಹಿಡಿದು, ತನ್ನ ಬಾಯಿ ನೋಡಲು ಹೇಳಿದಳು. "ಹಲ್ಲು ಕಚ್ಚು, ಗಾಳಿ ಬಿಡು. ಹಲ್ಲು ಕಚ್ಚು, ಗಾಳಿ ಬಿಡು." ನಾಲ್ಕು ದಿನ ಅದೇ. ಐದನೆಯ ದಿನ ಅವನನ್ನು ಅದೇ ಅಂಗಡಿಗೆ ಕರೆದುಕೊಂಡು ಹೋಗಿ ಮುಂದೆ ನಿಲ್ಲಿಸಿದಳು. ಅವನು "ಸ್ಸ್ಸಾಸ್ಸಿವೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಅಂದ. ಅಂಗಡಿಯವನು ಸುಮ್ಮನೆ ಪೊಟ್ಟಣ ಕಟ್ಟಿದ. ಅವತ್ತಿನಿಂದ ತಮ್ಮನಿಗೆ ಒಂದು ನಂಬಿಕೆ: ಅಕ್ಕ ಗದ್ದ ಹಿಡಿದರೆ ಯಾವ ಮಾತಾದರೂ ಬರುತ್ತದೆ.

"ಹೇಳಿ ಸರ್," ಅಂದರು ಮೇಡಂ.

ಅವನು ಶಕ್ತಿಯೆಲ್ಲ ಒಟ್ಟು ಮಾಡಿಕೊಂಡು ಹೇಳಿದ. "ಹಾಹಿವೆ." ಗಾಳಿ ತಡೆಯಿಲ್ಲದೆ ಹೊರಗೆ ಹೋಯಿತು. ಎರಡನೆಯ ಸಲ ತುಟಿಯನ್ನು ಕೆಳಗಿನ ಮೂರು ಹಲ್ಲಿಗೆ ಒತ್ತಿಕೊಂಡ. "ಫಾಫಿವೆ." ಮೇಡಂ ತಲೆ ತಗ್ಗಿಸಿ ಫೈಲನ್ನು ನೋಡತೊಡಗಿದರು. ಮೂರನೆಯ ಸಲ ನಾಲಿಗೆಯನ್ನು ವಸಡಿಗೆ ಒತ್ತಿದ.

"ತಾತಿವೆ."

ಅರವತ್ತಮೂರು ವರ್ಷದ ಹಿಂದಿನದೇ, ಒಂದು ಕೂದಲೂ ವ್ಯತ್ಯಾಸವಿಲ್ಲ. ಅವನ ಕಿವಿ ಬಿಸಿಯಾದವು. ಈ ಸಲ ಕೊಚ್ಚೆ ದಾಟುವ ಆಟವಿರಲಿಲ್ಲ. ಮಾತು ಒಳಗೆ ಸ್ಪಷ್ಟವಾಗಿ ಇತ್ತು, ಹೊರಗೆ ಬರಲು ದಾರಿಯಿರಲಿಲ್ಲ. ಹನ್ನೊಂದು ಬುಧವಾರ ಅಕ್ಕ ಕೂತದ್ದು ಹೀಗೇ ಎಂದು ಅವನಿಗೆ ಆಗ ತಿಳಿಯಿತು. ಬೀಗ ಛತ್ರಿ ಎಂದು ಅವಳ ಮುಖದೆದುರು ಅಷ್ಟು ಚೆಂದವಾಗಿ ಹೇಳಿದ್ದಕ್ಕೆ ನಾಚಿಕೆಯಾಯಿತು. ಆದರೂ ಬಿಡಲಿಲ್ಲ, ನಾಲ್ಕನೆಯ ಸಲ ಬಾಯಿ ತೆರೆದ. "ತಾ..."

ಕುರ್ಚಿ ಕಿರುಗುಟ್ಟಿತು. ಅಕ್ಕ ಮೇಜಿನ ಮೇಲೆ ಬಾಗಿದ್ದಳು. ಅವಳ ಎಡಗೈ ಬಂದು ಅವನ ಗದ್ದವನ್ನು ಹಿಡಿಯಿತು, ಮೊದಲಿನಷ್ಟೇ ಗಟ್ಟಿಯಾಗಿ. ಅವಳ ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು.

"ಹ..." ಅಂದಳು. "ಹಲ್ಲು."

ಮೇಡಂ ಪೆನ್ನು ಎತ್ತಿಕೊಂಡರು.

"ಹಲ್ಲು ಕಚ್ಚು," ಅಂದಳು ಅಕ್ಕ. ದನಿ ತುಕ್ಕು ಹಿಡಿದಿತ್ತು, ಆದರೆ ಅವಳದೇ. "ಗಾಳಿ ಬಿಡು."

ತಮ್ಮನ ಕಣ್ಣಿಂದ ನೀರು ಇಳಿದು ಅವಳ ಬೆರಳ ಮೇಲೆ ಹರಿಯಿತು. ಅವನು ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ, ಗದ್ದ ಬಿಡಿಸಿಕೊಳ್ಳಬೇಕಾಗುತ್ತಿತ್ತು.

"ಕಚ್ಚೋಕೆ ಹಲ್ಲೆಲ್ಲಿದೆ ಅಕ್ಕಾ," ಅಂದ.

ಅಕ್ಕ ಅವನ ಬಾಯನ್ನು ಇನ್ನೊಂದಿಷ್ಟು ತೆರೆಸಿ, ಒಳಗೆ ಇಣುಕಿ, ಅಚ್ಚಿನ ಹಾಳೆಯನ್ನು ನೋಡುವಷ್ಟೇ ಶ್ರದ್ಧೆಯಿಂದ ಮೇಲೆ ಕೆಳಗೆ ಪರಿಶೀಲಿಸಿದಳು. ಅವನು ಹೇಳಿದ್ದು ನಿಜವಾಗಿತ್ತು. ಗದ್ದ ಬಿಟ್ಟು ಕುರ್ಚಿಗೆ ಒರಗಿದಳು. ಅವಳ ಹೊಟ್ಟೆ ಕುಲುಕತೊಡಗಿತು. ನಗು ಬಾಯಿಯ ಒಂದೇ ಬದಿಗೆ ಬಂತು, ಆದರೆ ಸಾಕಷ್ಟು ಬಂತು.

ಮೇಡಂ ಮೂಗು ಒರೆಸಿಕೊಂಡು ಫೈಲನ್ನು ಎಳೆದುಕೊಂಡರು. "ಅಮ್ಮ ಹೇಳಿದ್ದನ್ನ ಹಾಗೇ ಬರೀಬೇಕು," ಎಂದು, ಯಾರೂ ಕೇಳದಿದ್ದರೂ ವಿವರಿಸಿ, ದಪ್ಪ ಅಕ್ಷರದಲ್ಲಿ ಬರೆದರು: ಹಲ್ಲು ಕಚ್ಚು ಗಾಳಿ ಬಿಡು. ಅದರ ಕೆಳಗೆ 'ಮುಂದುವರಿಸಬಹುದು' ಎಂದು ಬರೆದು ಗೀಟೆಳೆದರು.

ಅಕ್ಕ ಎದುರಿನಿಂದಲೇ, ತಲೆಕೆಳಗಾಗಿ, ಅದನ್ನು ಓದಿದಳು.

ಟಕ್ ಟಕ್.

ಮೇಡಂ ತಲೆಯೆತ್ತಿದರು.

"ಬಾಲ," ಅಂದಳು ಅಕ್ಕ.

"ಏನಮ್ಮ? ಬಾಲ? ಯಾವುದರ ಬಾಲ?" ಮೇಡಂ ಗಾಬರಿಯಿಂದ ತಮ್ಮನನ್ನು ನೋಡಿದರು.

ತಮ್ಮ ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಕಚ್ಚು ಎಂಬುದರ ಮುಂದೆ ಒಂದು ಅಲ್ಪವಿರಾಮ ಇಟ್ಟ.

ಅಕ್ಕ ಎಡಗೈ ಬೆರಳಿನಿಂದ ಮೇಜನ್ನು ಒಂದು ಸಲ ತಟ್ಟಿದಳು. ತಮ್ಮ ಮುಂದಿನ ಚೀಟಿ ಎತ್ತಿಕೊಂಡ.